ಸೊಕ್ಕೆ ಅಜ್ಜಿಯದು ಯಾವ ಊರು?

ಗೆಳೆಯರೇ, ಇದನ್ನು ಎದ್ದು ನಿಂತು ಓದಿ. ನಮ್ಮ ಓಣಿಯ ಕಥೆಯನ್ನು ಹಿರಿಯರ ದನಿಯಲ್ಲೇ ರೆಕಾರ್ಡ್ ಮಾಡುವ ಮಹತ್ಕಾರ್ಯಕ್ಕೆ ಇವತ್ತು ನಾನು ಸೊಕ್ಕೆ ಅಜ್ಜಿಯ ಜಗಲಿ ಏರಿದೆ. ಸೊಕ್ಕೆ ಎಂಬ ಊರಿಂದ ನಮ್ಮ ಚನ್ನಗಿರಿಗೆ ಸೊಸೆಯಾಗಿ ಬಂದವರು, ಅದಕ್ಕೇ ಆ ಹೆಸರು.

“ನಿಮ್ಮೂರು ಯಾವ್ದಜ್ಜಿ?”

“ಸೊಕ್ಕೆ.”

ಎದುರುಮನೆಯ ಟೈಲರ್ ಬಾಷಾ ಚಾಚಾ ಮಷಿನ್ ನಿಲ್ಲಿಸಿದರು. “ನನ್ನ ಮದ್ವೆಗೆ ಶಾವಿಗೆ ಹೊಸೆದೋಳು ನೀನು. ಇನ್ನೂ ಸೊಕ್ಕೆಯೋಳೇನಕ್ಕಾ?” ಆಮೇಲೆ ನನ್ನ ಕಡೆ ತಿರುಗಿ, “ಅಳಿಸೋ ಅದನ್ನ.”

“ಸೊಕ್ಕೆಗೆ ಹೋದ್ರೆ ಚನ್ನಗಿರಿ ಅಜ್ಜಿ ಬಂದ್ಲು ಅಂತಾರಪ್ಪ,” ಅಂದರು ಅಜ್ಜಿ.

“ಹಂಗಾದ್ರೆ ಹೆಸರಾದ್ರೂ ಹೇಳ್ರಿ,” ಅಂದೆ. ಅದು ಚಾಚಾಗೂ ಗೊತ್ತಿರಲಿಲ್ಲ. ಅಜ್ಜಿ ದೂರದಲ್ಲಿರುವ ಯಾರನ್ನೋ ಕರೆದಂತೆ, “ಹಾಲಮ್ಮ” ಅಂದರು. ರೆಕಾರ್ಡ್ ಆದದ್ದನ್ನು ಪ್ಲೇ ಮಾಡಿದೆ. ಅಜ್ಜಿ ಕಣ್ಣು ಮುಚ್ಚಿ ಕೇಳಿ, “ಇನ್ನೊಂದ್ಸಲ ಹಾಕು” ಅಂದರು.

ಓಣಿಗೆ ಇವತ್ತು ಹಾಲಮ್ಮ ಎಂಬ ಹೊಸಬರು ಬಂದಿದ್ದಾರೆ. ಸಾರ್ವಜನಿಕರು ಸಹಕರಿಸಬೇಕಾಗಿ ವಿನಂತಿ.