ಚರ್ಚಿನಲ್ಲಿ ಕೇಳಿದ ಸೋ

ನಾನು ಓದಿದ್ದು ಎರಡನೇ ಇಯತ್ತೆ. ಚರ್ಚಿನ ಹಾಡಿನ ಪುಸ್ತಕದ ಮೇಲೆ ಬೆರಳಿಟ್ಟು ಅಕ್ಷರ ಕೂಡಿಸಿ ಓದುವುದನ್ನು ಆಮೇಲೆ ಕಲಿತೆ. ಬರೆಯುವುದು ಇನ್ನೂ ನಿಧಾನ. ಆದ್ದರಿಂದ ಸುತ್ತಿ ಬಳಸಿ ಹೇಳುವುದಿಲ್ಲ. ಚರ್ಚಿನ ಹಾಡು ಬೇರೆ, ಊರ ಹಾಡು ಬೇರೆ ಇರಬೇಕೋ ಬೇಡವೋ ಎಂದು ಈಗಿನವರು ವಾದ ಮಾಡುತ್ತಾರೆ. ಅದೇ ವಾದದಲ್ಲಿ ನನ್ನ ಮಗಳ ಮದುವೆ ಮುರಿಯುವುದರಲ್ಲಿತ್ತು. ಅದನ್ನು ಬರೆದಿಡುತ್ತೇನೆ.

ನಮ್ಮ ಊರು ನಿಪ್ಪಾಣಿಯಿಂದ ಚಿಕ್ಕೋಡಿಗೆ ಹೋಗುವ ರಸ್ತೆಯಲ್ಲಿದೆ. ಚರ್ಚು ಎಂದರೆ ಹಂಚು ಹೊದಿಸಿದ ಒಂದು ಉದ್ದನೆಯ ಕೋಣೆ. ಗಂಡ ಸತ್ತ ಮೇಲೆ ನಾನು ನಿಪ್ಪಾಣಿಯ ತಂಬಾಕಿನ ವಖಾರಿಗೆ, ಆ ದೊಡ್ಡ ಗೋದಾಮಿಗೆ, ಕೆಲಸಕ್ಕೆ ಹೋಗುತ್ತಿದ್ದೆ. ಸಾಲಾಗಿ ಕೂತು ಜರಡಿ ಹಿಡಿಯಬೇಕು, ಕಡ್ಡಿ ಆರಿಸಬೇಕು. ಜರಡಿ ಹಿಡಿದ ಕೈಗೆ ತಾಳ ಬೇಕು, ಇಲ್ಲದಿದ್ದರೆ ಮಧ್ಯಾಹ್ನದೊಳಗೆ ರಟ್ಟೆ ಬಿದ್ದುಹೋಗುತ್ತದೆ. ಅದಕ್ಕೆ ನಾನು ಹಾಡುತ್ತಿದ್ದೆ. ಒಂದು ಸಾಲು ನಾನು ಹೇಳಿದರೆ, ಸಾಲಿನ ಕೊನೆಗೆ ಉಳಿದವರೆಲ್ಲ ‘ಸೋ’ ಎಂದು ಎಳೆಯುತ್ತಿದ್ದರು, ಮದುವೆಯ ಸೋಬಾನ ಪದಕ್ಕೆ ಎಳೆದ ಹಾಗೆ. ಆ ಎಳೆತಕ್ಕೆ ಜರಡಿ ಒಂದು ಸುತ್ತು ತಿರುಗುತ್ತಿತ್ತು.

ನಮ್ಮ ಚರ್ಚಿನ ಪುಸ್ತಕದ ಕೀರ್ತನೆಗಳಿಗೆ ಬಿಳಿ ದೊರೆಗಳ ಕಾಲದ ರಾಗ. ನಮ್ಮ ಸಭೆಯಲ್ಲಿ ಯಾರ ಬಾಯಿಗೂ ಅವು ಹತ್ತುತ್ತಿರಲಿಲ್ಲ. ನಾನು ಪದ ಅದೇ ಇಟ್ಟುಕೊಂಡು ನನ್ನ ಅವ್ವ ಹಾಡುತ್ತಿದ್ದ ಸೋಬಾನದ ರಾಗ ಹಾಕಿದೆ. ಹಳೆಯ ಪಾದ್ರಿಯವರು, ‘ಹೆಂಗರ ಹಾಡ್ರಿ, ಒಟ್ಟ ಹಾಡ್ರಿ’ ಎಂದರು. ಇಡೀ ಸಭೆ ಹಾಡಿತು. ಅವೇ ಕೀರ್ತನೆಗಳನ್ನು ವಖಾರಿಯಲ್ಲೂ ಹೇಳಿದೆ. ನನ್ನ ಸಾಲಿನಲ್ಲಿ ಕೂರುತ್ತಿದ್ದ ಹಿಂದೂ ಹೆಂಗಸರು, ಮುಸ್ಲಿಂ ಹೆಂಗಸರು ಎಲ್ಲರಿಗೂ ಯೇಸುವಿನ ಪದ ಬಾಯಿಪಾಠ ಆಯಿತು. ಸಾಲಿನ ಕೊನೆಗೆ ಸೋ.

ಆಮೇಲೆ ಹೊಸ ಪಾದ್ರಿ ಬಂದರು. ಮೈಸೂರು ಕಡೆಯವರು, ಪುಸ್ತಕದ ಹಾಗೆ ಮಾತಾಡುತ್ತಿದ್ದರು. ಮೊದಲ ರವಿವಾರವೇ ನನ್ನನ್ನು ನಿಲ್ಲಿಸಿಕೊಂಡರು.

“ಅಮ್ಮಾ, ದೇವರ ಹಾಡನ್ನು ಲೋಕದ ರಾಗದಲ್ಲಿ ಹಾಡಬಾರದು. ಆ ರಾಗ ಕೇಳಿದರೆ ಮನಸ್ಸು ಮದುವೆ ಚಪ್ಪರಕ್ಕೆ ಹೋಗುತ್ತದೆ, ಶಿಲುಬೆಯ ಕಡೆಗಲ್ಲ.”

“ಚಪ್ಪರದಾಗ ದೇವರ ಇರಂಗಿಲ್ಲೇನ್ರಿ?” ಎಂದೆ.

ಅವರು ನಗಲಿಲ್ಲ. ಮುಂದಿನ ವಾರ ಪುಸ್ತಕದ ರಾಗದ ಟೇಪು ತಂದಿಟ್ಟರು. ಟೇಪು ಹಾಡಿತು, ನಾವು ಕೂತು ಕೇಳಿದೆವು. ಅವರ ಮಾತು ಪೂರ್ತಿ ಸುಳ್ಳು ಎಂದು ನಾನು ಹೇಳುವುದಿಲ್ಲ. ವಖಾರಿಯಲ್ಲಿ ಯೇಸುವಿನ ಹೆಸರು ಹೇಳಿ ಸೋ ಎನ್ನುವುದು, ಅದೇ ಉಸಿರಿನಲ್ಲಿ ನಮ್ಮಿಂದ ಕೆಲಸ ತೆಗೆಯುವ ಮುಕಾದಮನ ತಾಯಿಯನ್ನು ಬಯ್ಯುವುದು, ಎರಡೂ ನಮ್ಮ ಬಾಯಲ್ಲೇ ಇದ್ದವು.

ಆಗಲೇ ಮಗಳಿಗೆ ಕಾಗವಾಡದ ಸಂಬಂಧ ಬಂತು. ಮಗಳಿಗೆ ಇಪ್ಪತ್ತಾರು ದಾಟಿತ್ತು, ಒಂದು ಕಣ್ಣಿನಲ್ಲಿ ಹೂವು. ರಾಯಬಾಗದಿಂದ ಒಬ್ಬರು, ಅಥಣಿಯಿಂದ ಒಬ್ಬರು ನೋಡಿ ಚಹಾ ಕುಡಿದು ಹೋಗಿದ್ದರು, ತಿರುಗಿ ಬರಲಿಲ್ಲ. ಇದು ಮೂರನೆಯದು. ಹುಡುಗ ಒಳ್ಳೆಯವನು, ಕಣ್ಣಿನ ಮಾತೇ ಎತ್ತಲಿಲ್ಲ. ಅವನ ಅಪ್ಪ ಕಾಗವಾಡದ ಸಭೆಯ ಹಿರಿಯರು, ಬಲು ಕಟ್ಟುನಿಟ್ಟು. ಮದುವೆಯ ದಿನ ಗೊತ್ತು ಮಾಡಲು ಬಂದಾಗ ಪಾದ್ರಿ ಅವರ ಎದುರೇ ಹೇಳಿದರು:

“ಅರಿಶಿಣದ ದಿನವಾಗಲಿ, ಚರ್ಚಿನಲ್ಲಾಗಲಿ, ಸೋಬಾನ ಕೇಳಿಸಿದರೆ ನಾನು ಪುಸ್ತಕ ಮುಚ್ಚುತ್ತೇನೆ. ಮದುವೆ ಮಾಡುವುದಿಲ್ಲ.”

ಬೀಗರು ತಲೆಯಾಡಿಸಿದರು. “ಖರೇ ಐತ್ರಿ ಬೀಗತಿ. ನಮ್ಮ ಮನಿತನಾನೂ ಹಂಗ ಐತಿ.”

ನಾನು ಹೂಂ ಎಂದೆ. ಬೇರೆ ಏನು ಅನ್ನಲಿ?

ಅರಿಶಿಣದ ದಿನ ಮಧ್ಯಾಹ್ನ ವಖಾರಿಯ ಗೆಳತಿಯರು ಬಂದರು. ಎಲ್ಲರ ಮುಂದೆ ನನ್ನ ಪಕ್ಕದಲ್ಲೇ ಕೂತು ಜರಡಿ ಹಿಡಿಯುವವಳು, ಅವಳಿಗೆ ಅಕ್ಕ ಎನ್ನುತ್ತಿದ್ದೆ. ಅವಳ ಹಿಂದೆ ಖಾಲಾ, ಮುಸ್ಲಿಂ ಓಣಿಯವಳು. ಅಕ್ಕ ಮಗಳ ಕೈಗೆ ಅರಿಶಿಣ ಮುಟ್ಟಿಸಿ ಬಾಯಿ ತೆಗೆದಳು. ನಾನು ಅವಳ ರಟ್ಟೆ ಹಿಡಿದೆ.

“ಹಾಡಬ್ಯಾಡ.”

“ಯಾಕ ಬೇ? ಬಾಯಿಗೆ ಕೀಲಿ ಹಾಕ್ಕೊಂಡಿ ಏನ?”

“ಹಾಕ್ಕೊಂಡೇನಿ. ನೀವೂ ಹಾಕ್ಕೊಳ್ರಿ. ಅರಿಶಿಣ ಹಚ್ಚಿ ಉಂಡ ಹೋಗ್ರಿ. ಹಾಡಿದ್ರ ಪಾದ್ರಿ ಲಗ್ನ ಮಾಡಂಗಿಲ್ಲ.”

“ಹೆಣದ ಮುಂದರ ಭಜನಿ ಇರತೈತಿ,” ಎಂದಳು ಅಕ್ಕ. “ಇದೇನ ಇದು?”

ಖಾಲಾ ಸೆರಗು ಬಾಯಿಗೆ ಇಟ್ಟುಕೊಂಡು ನಕ್ಕಳು. “ನಮ್ಮ ಪದಕ್ಕ ಇಷ್ಟ ತಾಕತ್ ಐತೆಂತ ಗೊತ್ತ ಇರಲಿಲ್ಲ ನೋಡ. ಮೊದಲ ಗೊತ್ತಿದ್ರ ಮುಕಾದಮನ್ನ ಓಡಿಸ್ತಿದ್ದಿವಿ.”

ಯಾರೂ ಹಾಡಲಿಲ್ಲ. ಅರಿಶಿಣ ಹಚ್ಚುವ ಬಳೆಗಳ ಸದ್ದು ಮಾತ್ರ. ಮಗಳು ತಲೆ ಎತ್ತಲಿಲ್ಲ. ಹೋಗುವಾಗ ಅವರಿಗೆ ಹೇಳಿದೆ: “ನಾಳೆ ಚರ್ಚಿಗೆ ಬರ್ರಿ. ಬಾಯಿ ಮಾತ್ರ ಬಿಡಬ್ಯಾಡ್ರಿ.”

ಮರುದಿನ ಅವರು ಬಂದು ಹಿಂದಿನ ಚಾಪೆಯ ಮೇಲೆ ಕೂತರು. ಮಗಳು ಬಿಳಿ ಸೀರೆಯುಟ್ಟು ಮುಂದೆ ನಿಂತಿದ್ದಳು. ಪಾದ್ರಿ ಕೀರ್ತನೆಯ ನಂಬರು ಹೇಳಿದರು. ಟೇಪಿನಲ್ಲಿ ಇಲ್ಲದ ಕೀರ್ತನೆ ಅದು. ನಾವು ವರ್ಷಗಟ್ಟಲೆ ಜರಡಿ ಹಿಡಿದದ್ದು ಅದರ ತಾಳಕ್ಕೇ. ಯಾವ ಯಾವ ಪದಕ್ಕೆ ರಾಗ ಹಾಕಿದ್ದೀರಿ ಎಂದು ಅವರು ನನ್ನನ್ನು ಕೇಳಿರಲಿಲ್ಲ, ನಾನೂ ಹೇಳಿರಲಿಲ್ಲ. ಎದ್ದು ಹೋಗಿ ಹೇಳುವಷ್ಟು ಹೊತ್ತು ಇರಲಿಲ್ಲ.

ಅವರು ಪುಸ್ತಕದ ರಾಗದಲ್ಲಿ ಎತ್ತಿದರು. ಎರಡು ಸಾಲು ಒಬ್ಬರೇ ಹಾಡಿದರು. ಮೂರನೆಯದಕ್ಕೆ ಗಂಡಸರ ಕಡೆಯಿಂದ ಒಂದು ದನಿ ಕೂಡಿತು, ತನಗೆ ಗೊತ್ತಿದ್ದ ರಾಗದಲ್ಲಿ. ಆಮೇಲೆ ಇನ್ನೊಂದು. ಆಮೇಲೆ ಇಡೀ ಸಭೆ. ನಾನು ಸೆರಗು ಕಚ್ಚಿಕೊಂಡು ಕೂತಿದ್ದೆ. ಸಾಲು ಮುಗಿಯಿತು. ಹಿಂದಿನ ಚಾಪೆಯಿಂದ ಎಲ್ಲರೂ ಒಟ್ಟಿಗೆ ಎಳೆದರು, ಸೋ.

ಬೇಕೆಂದು ಮಾಡಲಿಲ್ಲ. ಆ ಸಾಲು ಮುಗಿದರೆ ಅವರ ಬಾಯಿ ತಾನೇ ತೆರೆಯುತ್ತದೆ. ತಿರುಗಿ ನೋಡಿದೆ. ಅವರ ಕೈಗಳು ತೊಡೆಯ ಮೇಲೆ ಜರಡಿಯ ಹಾಗೆ ತಿರುಗುತ್ತಿದ್ದವು. ಅಕ್ಕ ಆಗ ಬಾಯಿ ಮುಚ್ಚಿಕೊಂಡಳು, ಆದರೆ ಏನು ಬಂತು?

ಪಾದ್ರಿ ಪುಸ್ತಕ ಮುಚ್ಚಿದರು. ಮುಂದಿನ ಬೆಂಚಿನಿಂದ ಬೀಗರು ಎದ್ದು ನಿಂತರು.

“ಇದನ್ನು ಇವರಿಗೆ ಯಾರು ಕಲಿಸಿದ್ದು?” ಎಂದರು ಪಾದ್ರಿ.

ನಾನು ಎದ್ದೆ. “ನಾ ಕಲಿಸೇನ್ರಿ.”

“ತಪ್ಪಾಯಿತು ಎಂದು ಸಭೆಯ ಮುಂದೆ ಹೇಳಿ.”

“ರಾಗ ತಪ್ಪಲ್ರಿ. ಅದು ನಮ್ಮವ್ವನ ರಾಗ, ಅದಕ್ಕ ತಪ್ಪ ಅನ್ನಂಗಿಲ್ಲ. ಆದ್ರ ಇವತ್ತಿನಿಂದ ಯಾವ ಚರ್ಚಿನ್ಯಾಗೂ ನಾ ಹಾಡಂಗಿಲ್ಲ. ಸಾಯೋತನಕ. ಆ ಮಾತ ತಗೊಳ್ರಿ, ಲಗ್ನ ಮಾಡ್ರಿ.”

ಪಾದ್ರಿ ಬೀಗರ ಮುಖ ನೋಡಿದರು. ಬೀಗರು ನನ್ನ ಮುಖ ನೋಡಿದರು. ಹುಡುಗ ಮಗಳ ಪಕ್ಕದಿಂದ ಸರಿಯಲಿಲ್ಲ, ಅದನ್ನು ನಾನು ನೋಡಿದೆ. ಅವನ ಅಪ್ಪನೂ ನೋಡಿದರು.

“ಮಾತ ಸಭಾದ ಮುಂದ ಕೊಟ್ಟಾರ,” ಎಂದರು ಬೀಗರು ಕೊನೆಗೆ. “ತಗೀರಿ ಪುಸ್ತಕ.”

ಮದುವೆ ಆಯಿತು. ಉಳಿದ ಹಾಡುಗಳನ್ನು ಪಾದ್ರಿ ಒಬ್ಬರೇ ಹಾಡಿದರು.

ನಾನು ಮಾತು ಉಳಿಸಿಕೊಂಡೆ. ಚರ್ಚಿನಲ್ಲಿ ಟೇಪು ಹಾಡಿತು. ಕೀರ್ತನೆಗಳು ವಖಾರಿಯಲ್ಲೇ ಉಳಿದವು, ತಂಬಾಕಿನ ಧೂಳಿನಲ್ಲಿ. ಪಾದ್ರಿಗೆ ಚರ್ಚಿನ ಹಾಡು, ಊರ ಹಾಡು ಬೇರೆ ಬೇರೆ ಆಗಬೇಕಿತ್ತು, ಆಯಿತು. ಆದರೆ ಯಾವುದು ಎಲ್ಲಿ ಉಳಿಯಿತು ಎಂದು ಅವರು ನೋಡಲಿಲ್ಲ. ನಾಲ್ಕು ವರ್ಷಕ್ಕೆ ಅವರಿಗೆ ವರ್ಗ ಆಯಿತು.

ಮಗಳ ಎರಡನೇ ಹೆರಿಗೆಗೆ ನಾನು ಕಾಗವಾಡಕ್ಕೆ ಹೋಗಿದ್ದೆ. ರವಿವಾರ ಅವರ ಚರ್ಚಿಗೆ ಹೋದೆವು. ಅದೇ ಕೀರ್ತನೆ, ಅದೇ ನಮ್ಮವ್ವನ ರಾಗ. ಮಗಳು ಕಲಿಸಿದ್ದಳು. ಮುಂದಿನ ಬೆಂಚಿನಲ್ಲಿ ಬೀಗರು ತೊಡೆಯ ಮೇಲೆ ತಾಳ ಹಾಕುತ್ತಿದ್ದರು. ನನ್ನ ಕಡೆ ತಿರುಗಿ ಮೆಲ್ಲಗೆ, “ಹಾಡ್ರಿ ಬೀಗತಿ” ಎಂದರು.

“ನಿಮ್ಮ ಮುಂದನ ಮಾತ ಕೊಟ್ಟೇನ್ರಿ,” ಎಂದೆ. ಹಾಡಲಿಲ್ಲ.

ಆದರೆ ಎರಡನೇ ಸಾಲನ್ನು ಅವರೆಲ್ಲ ತಪ್ಪು ಎಳೆಯುತ್ತಿದ್ದರು. ಮನೆಗೆ ಬಂದು ಒಲೆಯ ಮುಂದೆ ಕೂತು ಮಗಳಿಗೆ ಅದನ್ನು ತಿದ್ದಿಕೊಟ್ಟೆ. ಒಲೆಯ ಮುಂದೆ ಹಾಡುವುದಿಲ್ಲ ಎಂದು ನಾನು ಯಾರಿಗೂ ಮಾತು ಕೊಟ್ಟಿರಲಿಲ್ಲ.