ಸೊಗಡು ತೊಳೆದ ದಿನ

ಬೆಳಿಗ್ಗೆ ಅಡುಗೆಮನೆಗೆ ಹೋದವಳು ಬಾಗಿಲಲ್ಲೇ ನಿಂತುಬಿಟ್ಟೆ. ಮೂರು ತಿಂಗಳ ಹಿಂದಷ್ಟೇ ನಮ್ಮ ಮನೆ ತುಂಬಿದ ಸೊಸೆ, ನಾನು ತಂದಿಟ್ಟಿದ್ದ ಎರಡು ಕೆ.ಜಿ. ಅವರೆಕಾಯಿಯನ್ನು ಉಪ್ಪು-ಅರಿಶಿನದ ನೀರಿನಲ್ಲಿ ಮುಳುಗಿಸಿ ತಿಕ್ಕುತ್ತಿದ್ದಳು. “ಕೈಗೆಲ್ಲ ಅಂಟಂಟು ಅತ್ತೆ, ಔಷಧಿ ಹೊಡೆದಿರ್ತಾರೆ” ಎಂದಳು. ಆ ಅಂಟಿಗೆ, ಆ ಘಾಟಿಗೇ ಅಲ್ಲವೇ ಸೊಗಡು ಎನ್ನುವುದು! ಅದಕ್ಕೆಂದೇ ಚಳಿಯಲ್ಲಿ ರಾಮಕೃಷ್ಣನಗರದಿಂದ ಬೋಗಾದಿಯವರೆಗೂ ನಡೆದು, ಮೂಸಿ ಮೂಸಿ ಆರಿಸಿ ತಂದಿದ್ದೆ. ಮಧ್ಯಾಹ್ನ ಊಟಕ್ಕೆ ನನ್ನ ನಾದಿನಿ ಬೇರೆ ಬರುವವಳು; ಸೊಸೆ ಮಾಡಿದ್ದರಲ್ಲೆಲ್ಲ ಹುಳುಕು ಹುಡುಕುವ ಹೆಂಗಸು. ಬೈಗುಳ ಬಾಯಿಯವರೆಗೆ ಬಂದಿತ್ತು. ಅಷ್ಟರಲ್ಲಿ ಆ ನೀರಿನಿಂದ ಸೊಗಡಿನ ಕೊನೆಯ ಘಮವೊಂದು ಎದ್ದು ಬಂತು ನೋಡಿ, ನಾನು ಅಲ್ಲಿರಲೇ ಇಲ್ಲ.

ನಾನು ಶಾಲೆಗೆ ಹೋಗುತ್ತಿದ್ದ ಕಾಲ; ಬೋಗಾದಿ ಆಗಿನ್ನೂ ಹಳ್ಳಿ. ಈಗ ಪಿ.ಜಿ.ಗಳ ಬೋರ್ಡು ತೂಗುವ ಕಡೆ ಗೆಳತಿ ಸವಿತಾಳ ಮನೆಯಿತ್ತು. ಭಾನುವಾರ ಬಂದರೆ ನಾನು ಅಲ್ಲೇ. “ಅಲ್ಲಿ ಏನೂ ತಿನ್ನಬೇಡ ಕಣೇ” ಎಂದು ನಮ್ಮಮ್ಮ ಮಡಿಸೀರೆಯಲ್ಲೇ ನಿಂತು ಹೇಳಿ ಕಳಿಸುತ್ತಿದ್ದರು. ನಾನು ತಲೆಯಾಡಿಸಿ ಹೋಗಿ ಎರಡು ಮುದ್ದೆ ನುಂಗಿ ಬರುತ್ತಿದ್ದೆ. ಸವಿತಾಳ ತಾಯಿ ಪುಟ್ಟಮ್ಮನವರನ್ನು ಅವಳಂತೆ ನಾನೂ ‘ಅವ್ವ’ ಎನ್ನುತ್ತಿದ್ದೆ. ಹಾಗೆನ್ನುವ ಹಕ್ಕು ನನಗಿದೆಯೋ ಇಲ್ಲವೋ ಎಂಬ ಅಳುಕೊಂದು ಮಾತ್ರ ಒಳಗೇ ಇತ್ತು.

ಚಳಿಗಾಲದಲ್ಲಿ ಆ ಜಗಲಿಯ ತುಂಬ ಅವರೆಕಾಯಿ. ಬಿಸಿಲು ಕಾಸುತ್ತಾ ಎಲ್ಲರೂ ಸುಲಿಯುವುದು, ಮಾತು ಎಲ್ಲಿಂದ ಎಲ್ಲಿಗೋ ಹೋಗುವುದು, ಕರುವೊಂದು ಬಂದು ಸಿಪ್ಪೆಗೆ ಬಾಯಿ ಹಾಕುವುದು. ಎಷ್ಟೋ ಸಲ ನಾನು ಸುಲಿಯುತ್ತಲೇ ಅವ್ವನ ತೊಡೆಗೊರಗಿ ನಿದ್ದೆ ಹೋಗಿದ್ದೇನೆ.

ಅಂಥ ಒಂದು ದಿನ ಸವಿತಾಳ ಅಕ್ಕನ ಮದುವೆ ಮಾತು ಮುಗಿಸಲು ಗಂಡಿನ ಕಡೆಯವರು ಊಟಕ್ಕೆ ಬರುವವರಿದ್ದರು. ಎಲ್ಲರೂ ಓಡಾಟದಲ್ಲಿದ್ದರು. ನಾನೂ ಏನಾದರೂ ಮಾಡಬೇಕಲ್ಲ! ಕುಕ್ಕೆ ತುಂಬ ಇದ್ದ ಕಾಯಿಯನ್ನು ತೊಟ್ಟಿಗೆ ಸುರಿದು, ಸೀಗೆಪುಡಿ ಹಾಕಿ ಉಜ್ಜಿ ತೊಳೆದೆ. ನಮ್ಮ ಮನೆಯಲ್ಲಿ ತೊಳೆಯದೆ ಏನೂ ಒಳಗೆ ಬರುತ್ತಿರಲಿಲ್ಲವಲ್ಲ, ಅದೇ ಬುದ್ಧಿ. ಸವಿತಾ ನೋಡಿ “ಅಯ್ಯೋ, ಸೊಗಡೆಲ್ಲಾ ಓಯ್ತಲ್ಲೇ!” ಎಂದು ಕಿರುಚಿದಳು. ಅವ್ವ ಬಂದು ಕಾಯಿ ಮೂಸಿದರು, ನನ್ನ ಮುಖ ನೋಡಿದರು, ಸುಲಿಯಲು ಕೂತರು. ಇನ್ನು ಈ ಮನೆಗೆ ನನ್ನನ್ನು ಸೇರಿಸುವುದಿಲ್ಲ ಎಂದುಕೊಂಡು ನಾನು ಕಂಬದ ಹಿಂದೆ ಹೋಗಿ ನಿಂತೆ.

ಪಂಕ್ತಿಯಲ್ಲಿ ಗಂಡಿನ ದೊಡ್ಡಪ್ಪ ಸಾರಿಗೆ ಮುದ್ದೆ ಅದ್ದಿ ತಿಂದು ತಲೆಯೆತ್ತಿದರು. “ಇದೇನವ್ವಾ, ಸೊಗಡೇ ಇಲ್ವಲ್ಲ?”

ನಾನು ಕಂಬಕ್ಕೆ ಇನ್ನಷ್ಟು ಅಂಟಿಕೊಂಡೆ. ಅವ್ವ ಸಾರಿನ ಪಾತ್ರೆ ಹಿಡಿದುಕೊಂಡೇ ಕಂಬದತ್ತ ಬಂದು, ನನ್ನ ಹೆಗಲ ಮೇಲೆ ಕೈಯಿಟ್ಟರು. “ನಮ್ಮ ಚಿಕ್ಕುಡ್ಗಿ ತೊಳ್ದ್‌ಬುಟ್ಟವ್ಳೆ ಕಣಣ್ಣ. ಇನ್ನೊಂಚೂರು ಆಕ್ಲಾ?”

ಅವರು ನಕ್ಕುಬಿಟ್ಟರು, ಹಾಕಿಸಿಕೊಂಡರು. ಮದುವೆಯೂ ಆಯಿತು ಬಿಡಿ. ನನಗೆ ಮಾತ್ರ ಆ ಎರಡು ಮಾತಿನಲ್ಲಿ ಒಂದು ಮನೆಯೇ ಸಿಕ್ಕಿತ್ತು. ಅವ್ವ ಹೋಗಿ ವರ್ಷಗಳೇ ಆದವು. ಆ ಕೈಯ ಭಾರ ಈ ಹೆಗಲಿಗಿನ್ನೂ ಗೊತ್ತು.

“ಅತ್ತೆ, ಏನಾದ್ರೂ ತಪ್ಪು ಮಾಡಿದ್ನಾ?” ಸೊಸೆಯ ದನಿ. ತಿಕ್ಕುವುದನ್ನು ಬಿಟ್ಟು ನನ್ನನ್ನೇ ನೋಡುತ್ತಿದ್ದಳು. “ಬಾ, ಕೂತ್ಕೊಂಡು ಸುಲಿಯೋಣ” ಎಂದೆ.

ಮಧ್ಯಾಹ್ನ ನಾದಿನಿ ಮೊದಲ ತುತ್ತಿಗೇ ಹುಬ್ಬು ಗಂಟಿಕ್ಕಿದಳು. “ಏನತ್ತಿಗೆ, ಸೊಗಡೇ ಇಲ್ಲ?”

ಸೊಸೆ ತಲೆ ತಗ್ಗಿಸಿದಳು. ನಾನು ಸಾರಿನ ಸೌಟು ಹಿಡಿದೇ ಎದ್ದು, ಅವಳ ಹಿಂದೆ ಹೋಗಿ ನಿಂತೆ.

“ನಮ್ಮ ಹುಡುಗಿ ತೊಳೆದುಬಿಟ್ಟಿದ್ದಾಳೆ ಕಣೇ. ಇನ್ನೊಂಚೂರು ಹಾಕ್ಲಾ?”