ಬಾವಿ ಕಟ್ಟೆಯ ಪಾಮ್ ಗಿಡಗಳು

ಮಾನ್ವಿಯ ನಮ್ಮ ಮನೆಯಲ್ಲಿ ಏನೋ ಕೆಟ್ಟದ್ದು ನಡೆದಿದೆಯೆಂದು ಮೊದಲು ತೋರಿಸಿದ್ದು ನನ್ನ ಪಾಮ್ ಗಿಡಗಳು. ದೊಡ್ಡ ಮರಗಳ ಕೆಳಗೆ ಹುಟ್ಟಿ ಬೆಳೆಯುವ, ನೇರ ಬಿಸಿಲು ತಾಳದ ಜಾತಿ ಅವು. ಮೂರು ಕಾಲವೂ ಬಿಸಿಲೇ ಇರುವ ಈ ಸೀಮೆಯಲ್ಲಿ ಅವನ್ನು ಬೆಳೆಸುತ್ತೇನೆಂದಾಗ, ಮೊದಲು ಗಿಡಕ್ಕೊಂದು ಕೂಲರ್ ತರೋಣ ಎಂದು ನನ್ನ ಗಂಡ ನಕ್ಕಿದ್ದರು. ನಾನು ಹಟದವಳು. ರಾಯಚೂರಿನ ನರ್ಸರಿಯಿಂದ ಒಂದಿಷ್ಟು ಗಿಡಗಳನ್ನು ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದೆ. ಎರಡನ್ನು ಪಡಸಾಲೆಯ ಕಿಟಕಿಯ ಹತ್ತಿರ ಇಟ್ಟೆ. ಉಳಿದವನ್ನು ಹಿತ್ತಲ ಬಾವಿಯ ಪಕ್ಕ, ಗೋಡೆ ಮತ್ತು ಬೇವಿನಮರದಿಂದಾಗಿ ದಿನವಿಡೀ ಬಿಸಿಲು ಬೀಳದ ಜಾಗದಲ್ಲಿ ಸಾಲಾಗಿ ಇಟ್ಟೆ.

ಆ ಬಾವಿ ಅತ್ತೆಯವರದು. ನಮಗೆಲ್ಲ ಕುಡಿಯಲು, ಅಡುಗೆಗೆ ಫಿಲ್ಟರ್ ನೀರಿನ ಕ್ಯಾನ್ ಬರುತ್ತದೆ. ಅವರಿಗೆ ಅದು ನಡೆಯದು. ಯಾರು ತುಂಬಿದರೋ, ಯಾವ ಕೈ ಮುಟ್ಟಿತೋ! ಬೆಳಿಗ್ಗೆ ಮಿಂದು, ಮಡಿ ಉಟ್ಟು, ತಾವೇ ಸೇದಿದ ನೀರಿನಿಂದ ದೇವರ ಪೂಜೆ. ಬೇರೆ ಒಲೆಯ ಮೇಲೆ ಅವರ ಅಡುಗೆ ಆಗುವುದೂ, ಅವರು ಕುಡಿಯುವುದೂ ಅದೇ ನೀರು. ಹೂವಿಲ್ಲ, ಹಣ್ಣಿಲ್ಲ, ದೇವರಿಗೆ ಬಾರದ ಗಿಡ ಎಂದು ಮೊದಮೊದಲು ನನ್ನ ಪಾಮ್‌ಗಳನ್ನು ಮೂದಲಿಸಿದವರು, ಬರಬರುತ್ತ ತುಳಸಿಯ ನಂತರ ಅವಕ್ಕೂ ಒಂದೊಂದು ತಂಬಿಗೆ ನೀರು ಹಾಕತೊಡಗಿದರು. ಮದುವೆಯಾಗಿ ಬಂದಾಗಿನಿಂದ ಬಿಗುವಾಗಿಯೇ ಇದ್ದ ನಾವಿಬ್ಬರೂ ಮನಸ್ಸು ಬಿಚ್ಚಿ ಮಾತಾಡಿದ್ದು ಆ ಗಿಡಗಳ ಮುಂದೆಯೇ. ಅವರ ಮೇಲೆ ನನಗೆ ಪ್ರೀತಿ ಹುಟ್ಟಿದ್ದೂ ಅಲ್ಲೇ.

ಆಮೇಲೆ ಗರಿಗಳ ತುದಿ ಸುಟ್ಟಂತೆ ಕಂದಾಯಿತು. ಬಿಸಿಲಿನ ಝಳ ಅಂದುಕೊಂಡು ಹಸಿರು ನೆಟ್ ಕಟ್ಟಿಸಿದೆ, ಮಣ್ಣು ಬದಲಿಸಿದೆ, ಗೊಬ್ಬರ ಹಾಕಿದೆ. ಕಂದು ಒಳಗೊಳಗೆ ಹಬ್ಬುತ್ತಲೇ ಹೋಯಿತು. ಕೊನೆಗೆ ನಡುವಿನಿಂದ ಬಿಚ್ಚಿಕೊಳ್ಳುವ ಎಳೆಯ ಗರಿಯೂ ತುದಿ ಸುಟ್ಟುಕೊಂಡೇ ಬರತೊಡಗಿತು. ಪಡಸಾಲೆಯ ಎರಡು ಮಾತ್ರ ಹಚ್ಚಗಿದ್ದವು. ಅವಕ್ಕೆ ನಾನು ಹಾಕುತ್ತಿದ್ದುದು ಕ್ಯಾನಿನಲ್ಲಿ ಉಳಿದ ನೀರು. ಹಾಗಾದರೆ ಕೆಟ್ಟದ್ದು ಬಾವಿಯ ನೀರಿನಲ್ಲಿತ್ತು, ಅದನ್ನೇ ಅತ್ತೆ ಕುಡಿಯುತ್ತಿದ್ದರು.

ಅತ್ತೆಯವರ ಅಂಗೈ ತುಂಬ ಜೋಳದ ಕಾಳಿನಂಥ ಗಟ್ಟಿ ಗಂಟುಗಳಿದ್ದವು. ಹಗ್ಗ ಎಳೆದೆಳೆದು ಜಡ್ಡುಗಟ್ಟಿವೆ ಎನ್ನುತ್ತಿದ್ದರು, ನಾವೂ ನಂಬಿದ್ದೆವು. ಒಂದು ಏಕಾದಶಿಯ ದಿನ ಉಪವಾಸದಿಂದ ಸುಸ್ತಾಗಿ ಮಲಗಿದ್ದಾಗ ಕಾಲು ಒತ್ತಲು ಕೂತೆ. ಅಂಗಾಲಿನಲ್ಲೂ ಅವೇ ಗಂಟುಗಳು, ನಡುನಡುವೆ ಕಪ್ಪು ಚುಕ್ಕೆ. ಅಂಗಾಲಿಗೆ ಯಾವ ಹಗ್ಗ ತಾಗಿತ್ತು?

ರಾಯಚೂರಿನ ಚರ್ಮದ ಡಾಕ್ಟರು ಕೈಕಾಲು ನೋಡಿ ಮೊದಲು ಕೇಳಿದ್ದೇ ನೀರಿನ ವಿಷಯ. ಪರೀಕ್ಷೆ ಮಾಡಿಸಿದೆವು. ಬಾವಿಯ ನೀರಿನಲ್ಲಿ ಆರ್ಸೆನಿಕ್ ವಿಷವಿತ್ತು. ಗಿಡ ಸುಟ್ಟದ್ದು ಉಪ್ಪಿನಿಂದ ಇದ್ದೀತು, ಆದರೆ ಇವರಿಗೆ ಆಗಿರುವುದು ವಿಷದಿಂದಲೇ ಎಂದರು ಡಾಕ್ಟರು. ಆ ನೀರು ಕುಡಿಯುವುದನ್ನು ಇವತ್ತೇ ನಿಲ್ಲಿಸಬೇಕು, ಇಲ್ಲದಿದ್ದರೆ ಈ ಗಂಟುಗಳೇ ಮುಂದೆ ಕ್ಯಾನ್ಸರ್ ಆಗಬಹುದು ಎಂದೂ ಹೇಳಿದರು.

ಅತ್ತೆ ಒಪ್ಪಲಿಲ್ಲ. ತುಂಗಭದ್ರೆಯ ನೀರು ತರಿಸುತ್ತೇನೆ ಅಂದೆ. ದಿನಾ ಮಡಿಯಲ್ಲಿ ಯಾರು ತರುತ್ತಾರೆ ಎಂದು ಕೇಳಿದರು. ದೇವದುರ್ಗದ ಶಾಲೆಯಲ್ಲಿ ಮಕ್ಕಳಿಗೆ ಶುದ್ಧ ನೀರಿನ ಪಾಠ ಮಾಡುವ ನನ್ನ ಗಂಡ, ತಾಯಿಯ ಮುಂದೆ ನೀರಿನ ರಿಪೋರ್ಟನ್ನು ಮಡಚಿ ಜೇಬಿಗಿಟ್ಟುಕೊಂಡರು. ಕ್ಯಾನ್ ನೀರು ಹಾಕಿದ ಪಡಸಾಲೆಯ ಗಿಡವನ್ನೇ ಎತ್ತಿ ತಂದು ಅತ್ತೆಯ ಮುಂದಿಟ್ಟು ತೋರಿಸಿದೆ.

"ಬಾವಿ ಕಡಿ ಗಿಡಕ್ಕೂ ಅದನ್ನೇ ಹಾಕು. ಗಿಡಕ್ಕ ಮಡಿ ಇಲ್ಲ, ನನಗ ಅದ," ಅಂದರು.

ಸಿಟ್ಟಿಗೆ ಅಳು ಬಂತು. ಅಂದಿನಿಂದ ಬಾವಿಯ ಪಕ್ಕದ ಗಿಡಗಳಿಗೂ ಕ್ಯಾನ್ ನೀರು ಹಾಕಿದೆ. ಕೆಲವು ವಾರಗಳಲ್ಲಿ ತುದಿಯವರೆಗೂ ಹಸಿರಾದ ಹೊಸ ಗರಿ ಬಿಚ್ಚಿಕೊಂಡಿತು. ಗಿಡ ಬದುಕಿತು, ಅತ್ತೆ ಮಾತ್ರ ಇನ್ನೂ ಅದೇ ಬಾವಿಯ ನೀರು ಕುಡಿಯುತ್ತಿದ್ದಾರೆ ಎಂದು ನನಗೆ ಭಯವೇ ಆಯಿತು. ಅದೇ ಹೊತ್ತಿಗೆ ಅತ್ತೆಯವರ ಬೆರಳುಗಳು ಜೋಮು ಹಿಡಿಯತೊಡಗಿದವು.

"ಹಗ್ಗ ಹಿಡಿಲಿಕ್ಕೆ ಆಗವಲ್ದು. ನಾಳಿಯಿಂದ ನೀನ ಮಡಿಲೆ ಸೇದಿ ಕೊಡು," ಅಂದರು.

ಮರುದಿನ ಬೆಳಿಗ್ಗೆ ಮಿಂದು, ಮಡಿ ಉಟ್ಟು ಬಾವಿಗೆ ಹೋದೆ. ಗಿಡಗಳ ಹಿಂದೆ ಮೊದಲೇ ಬಚ್ಚಿಟ್ಟಿದ್ದ ಕ್ಯಾನ್ ನೀರನ್ನು ತಾಮ್ರದ ಕೊಡಕ್ಕೆ ತುಂಬಿ ಒಳಗೆ ಒಯ್ದು ಕೊಟ್ಟೆ. ಒಂದು ಸುಳ್ಳಿನಿಂದ ಜೀವ ಉಳಿಯುವುದಾದರೆ ದೇವರು ಕ್ಷಮಿಸುತ್ತಾನೆ ಅಂದುಕೊಂಡೆ. ಅವರು ಅದೇ ನೀರಿನಲ್ಲಿ ಪೂಜೆ ಮುಗಿಸಿ ಅಂಗೈಗೆ ತೀರ್ಥ ಹಾಕಿಕೊಂಡು ಬಾಯಿಗಿಟ್ಟರು. ಜೀವಮಾನವಿಡೀ ಆ ಬಾವಿಯ ಸವಳು ರುಚಿ ಕಂಡ ನಾಲಿಗೆ. ನನ್ನ ಮುಖ ನೋಡಿದರು. ಕೊಡವನ್ನು ಹೇಗೋ ತಬ್ಬಿಕೊಂಡು ಹಿತ್ತಲಿಗೆ ಬಂದು, ನೀರನ್ನೆಲ್ಲ ಪಾಮಿನ ಬುಡಕ್ಕೆ ಸುರಿದು, ಖಾಲಿ ಕೊಡವನ್ನು ನನ್ನ ಕೈಗೆ ಕೊಟ್ಟು, ಮತ್ತೆ ಸ್ನಾನಕ್ಕೆ ಹೋದರು.

ನಾನು ಬಾವಿಯಿಂದ ಸೇದಿದೆ. ಹೊತ್ತು ನೆತ್ತಿಗೇರುವವರೆಗೂ ಹೊಟ್ಟೆಗೆ ಏನೂ ಇಲ್ಲದೆ ಪೂಜೆಯನ್ನು ಮೊದಲಿನಿಂದ ಮಾಡಿದರು. ಮುಗಿದ ಮೇಲೆ, ನಾನು ಸೇದಿದ ನೀರನ್ನು ತಂಬಿಗೆ ತುಂಬ ಬಗ್ಗಿಸಿಕೊಂಡು, ನನ್ನೆದುರಿಗೇ ಪೂರ್ತಿ ಕುಡಿದರು.